ಎರಡು ಪಕ್ಷ, ಒಂದು ಜೋಡಿ ಎತ್ತು

ನನ್ನ ಗಂಡ ತೀರಿಕೊಂಡ ವರ್ಷವೇ ನನ್ನ ಮಗ ಮತ್ತು ನನ್ನ ಮೈದುನ ಪಾಲಾದರು. ಮನೆಯ ನಡುವೆ ಗೋಡೆ ಎದ್ದಿತು, ಹೊಲದ ನಡುವೆ ಬದು ಬಿತ್ತು. ಎತ್ತು ಎರಡಿದ್ದವು. ಕೆಂದೆತ್ತು ನಮಗೆ ಬಂತು, ಬಿಳಿ ಎತ್ತು ಮೈದುನನಿಗೆ ಹೋಯಿತು. ಒಂಟಿ ಎತ್ತಿನಿಂದ ಸಗಣಿ ಬಿಟ್ಟರೆ ಬೇರೆ ಉಪಯೋಗವಿಲ್ಲ. ಅದಕ್ಕೇ ಪಾಲಾದ ದಿನವೇ ಒಂದು ಮಾತಾಯಿತು. ಕೆಲಸ ಬಂದಾಗ ಎರಡನ್ನೂ ಕೂಡಿಸಿ ಹೂಡುವುದು. ಯಾರ ಹೊಲ ಮೊದಲು ಹದಕ್ಕೆ ಬರುತ್ತದೋ ಅವರ ಹೊಲಕ್ಕೆ ಮೊದಲು ಹೋಗುವುದು. ಮೈದುನನ ಹೊಲ ಎತ್ತರದಲ್ಲಿದೆ, ನೀರು ಬೇಗ ಇಳಿಯುತ್ತದೆ. ಹೀಗಾಗಿ ಪ್ರತಿ ವರ್ಷ ಅವರದು ಮೊದಲು, ನಮ್ಮದು ಆಮೇಲೆ. ಇದನ್ನು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಬರೆದಿದ್ದರೂ ನಾನೇನು ಓದುತ್ತಿರಲಿಲ್ಲ. ನನಗೆ ಅಕ್ಷರ ಬಂದದ್ದು ಮುದುಕಿಯಾದ ಮೇಲೆ, ಮೊಮ್ಮಗಳ ಪಾಟಿಯ ಮೇಲೆ. ಅದೂ ಅಷ್ಟಕ್ಕಷ್ಟೆ.

ಊರು ಆಳಂದ ತಾಲ್ಲೂಕಿನದು, ಕಿಣ್ಣಿ ಸುಲ್ತಾನದ ಕಡೆ. ಹೊಲವೆಲ್ಲ ಕರಿ ಮಣ್ಣು, ಬೆಳೆ ತೊಗರಿ. ತೊಗರಿ ಮೊಳಕಾಲಿಗೆ ಬರುವ ಮೊದಲು ಎಡೆ ಹೊಡೆಯಬೇಕು, ಅಂದರೆ ಎರಡು ಸಾಲಿನ ನಡುವೆ ಎತ್ತಿನಿಂದ ಕುಂಟೆ ಎಳೆಸಿ ಕಸ ಕೀಳಬೇಕು. ಆ ಹೊತ್ತಿಗೆ ಟ್ರ್ಯಾಕ್ಟರ್ ನಡೆಯುವುದಿಲ್ಲ, ಗಾಲಿ ಬೆಳೆಯ ಮೇಲೆಯೇ ಹೋಗುತ್ತದೆ. ಮಳೆ ನಾಲ್ಕು ದಿನ ಬಿಡುವು ಕೊಡುತ್ತದೆ, ಅದಕ್ಕೆ ನಾವು ವರಪು ಎನ್ನುತ್ತೇವೆ. ಆ ನಾಲ್ಕು ದಿನದಲ್ಲಿ ಎಡೆ ಮುಗಿಯಬೇಕು. ಮುಗಿಯದಿದ್ದರೆ ಮುಂದಿನ ಮಳೆಗೆ ಕಸ ಎದ್ದು ತೊಗರಿಯನ್ನು ತಿನ್ನುತ್ತದೆ. ಒಕ್ಕಲುತನದ್ದು ಇಷ್ಟು ಗೊತ್ತಾದರೆ ಸಾಕು, ಉಳಿದದ್ದೆಲ್ಲ ರಾಜಕೀಯ.

ನನ್ನ ಮಗ ದಿಲ್ಲಿಯಲ್ಲಿ ಆಳುವ ಪಕ್ಷದವನು. ಮೈದುನ ಬೆಂಗಳೂರಿನಲ್ಲಿ ಆಳುವ ಪಕ್ಷದವನು. ಯಾವ ಪಕ್ಷವೂ ಇವರನ್ನು ಕರೆದು ಒಂದು ಕಪ್ ಚಹಾ ಕುಡಿಸಿಲ್ಲ, ಇಬ್ಬರೂ ತಾವಾಗಿಯೇ ಸೇರಿಕೊಂಡವರು. ಮೊದಲು ಚುನಾವಣೆ ಬಂದಾಗ ಮಾತ್ರ ಜಗಳವಿತ್ತು. ಓಟು ಹಾಕಿದ ಮರುದಿನ, ಬೆರಳಿನ ಶಾಯಿ ಹೋಗುವ ಮೊದಲೇ, ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದರು. ಈಗ ಕೈಗೆ ಮೊಬೈಲ್ ಬಂದಿದೆ, ಚುನಾವಣೆ ಮುಗಿಯುವುದೇ ಇಲ್ಲ. ಮುಂಜಾನೆ ಮುಖ ತೊಳೆಯುವ ಮೊದಲು ಒಬ್ಬ ಒಂದು ವಿಡಿಯೋ ಹಚ್ಚುತ್ತಾನೆ, ಇನ್ನೊಬ್ಬ ಗೋಡೆಯ ಆಚೆಯಿಂದ ಅದಕ್ಕಿಂತ ಜೋರಾಗಿ ಬೇರೊಂದು ಹಚ್ಚುತ್ತಾನೆ. ಗೋಡೆ ತೆಳ್ಳಗಿದೆ. ರೊಟ್ಟಿ ಬಡಿಯುತ್ತಾ ನಾನು ಎರಡೂ ಕಡೆಯ ಭಾಷಣ ಕೇಳುತ್ತೇನೆ.

ಈ ಸಲ ಮಳೆ ಚೆನ್ನಾಗಿ ಆಯಿತು. ವರಪು ಬಿದ್ದ ಮೊದಲ ದಿನ ಇಬ್ಬರೂ ನಮ್ಮ ಅಂಗಳದಲ್ಲಿ ಕೂತು ಕುಂಟೆಯ ಹಗ್ಗ ಬಿಗಿಯುತ್ತಿದ್ದರು. ಬಿಳಿ ಎತ್ತನ್ನೂ ತಂದು ನಮ್ಮ ಗೂಟಕ್ಕೆ ಕಟ್ಟಿದ್ದಾಗಿತ್ತು. ನಾನು ಚಹಾ ಕೊಟ್ಟೆ. ಮೈದುನ ಮೊಬೈಲ್ ತೆಗೆದು ಒಂದು ಸುದ್ದಿ ನೋಡಿದ. ಹೊರದೇಶದಿಂದ ತೊಗರಿ ಬರುತ್ತಿದೆಯಂತೆ.

“ನೋಡಲೇ, ನಿಮ್ಮ ದಿಲ್ಲಿಯವರು ಮತ್ತ ತರಸಾಕತ್ತಾರ,” ಎಂದ ಮೈದುನ. “ನಮ್ಮದು ಇನ್ನ ಹೂ ಸುದ್ದಾ ಬಿಟ್ಟಿಲ್ಲ, ಅಲ್ಲಿ ಹಡಗ ತುಂಬಿ ಬಂದದ. ರಾಶಿ ಮಾಡೂದರಾಗ ಧಾರಣಿ ನೆಲ ಕಚ್ಚತದ.”

“ಶಹರದ ಮಂದಿ ಬ್ಯಾಳಿ ತಿನ್ನಬಾರದೇನು ಕಾಕಾ?” ಎಂದ ನನ್ನ ಮಗ. “ದೇಶ ಅಂದ್ರ ಆಳಂದ ಅಷ್ಟೇ ಅಲ್ಲ.”

“ದೇಶ ಬ್ಯಾಳಿ ತಿನ್ನಲಿ. ರೈತ ಏನ್ ತಿನ್ನಬೇಕು, ನಿಮ್ಮ ಭಾಷಣ?”

“ನಿಮ್ಮೋರು ಕೊಡಾಕತ್ತಾರಲ್ಲ, ಬಸ್ ಪುಕ್ಕಟ, ಕರೆಂಟ್ ಪುಕ್ಕಟ. ತಿಂದು ತಿಂದು ಮಂದಿ ಮೈಗಳ್ಳರಾಗ್ಯಾರ.”

“ನಿಮ್ಮವ್ವ ಜೇವರ್ಗಿಗಿ ಮಗಳ ಮನಿಗಿ ಹೋಗಿದ್ದು ಆ ಪುಕ್ಕಟ ಬಸ್ಸಿನಾಗೇ. ಆಕಿಗಿ ಮೈಗಳ್ಳಿ ಅನ್ನು ನೋಡೂನು.”

ನನ್ನನ್ನು ನಡುವೆ ಎಳೆದದ್ದು ನನಗೆ ಸರಿಬರಲಿಲ್ಲ. “ಬಸ್ಸಿನಾಗ ಹೋಗೇನಿ, ಖರೆ,” ಎಂದೆ. “ನಿಂತು ಹೋಗೇನಿ, ಕಾಲು ಬಾತು ಬಂದೇನಿ. ಸೀಟು ಯಾವ ಸರಕಾರದ್ದೋ ಗೊತ್ತಿಲ್ಲ, ನನಗಂತೂ ಸಿಕ್ಕಿಲ್ಲ. ಗಪ್ ಚಹಾ ಕುಡೀರಿ, ಹೊಲಕ್ಕ ನಡೀರಿ.”

ಅವರಿಗೆ ಚಹಾ ಬೇಡವಾಗಿತ್ತು. ಮೈದುನ, “ನಿಮ್ಮಪ್ಪ ಇದ್ದಿದ್ರ ನಿನ್ನ ಕಪಾಳಕ್ಕ ಹೊಡೀತಿದ್ದ,” ಎಂದ. ಮಗ, “ನಮ್ಮಪ್ಪನ ಮಾತು ತೆಗೀಬ್ಯಾಡ್ರಿ. ಅವರೂ ನಮ್ಮ ಪಕ್ಷಕ್ಕೇ ಹಾಕ್ತಿದ್ರು,” ಎಂದ. ಇದು ಸುಳ್ಳು. ನನ್ನ ಗಂಡ ಯಾರಿಗೆ ಓಟು ಹಾಕುತ್ತಿದ್ದನೆಂದು ನನಗೇ ಹೇಳಿದವನಲ್ಲ. ಸತ್ತವನನ್ನೂ ಇವನು ಪಕ್ಷಕ್ಕೆ ಸೇರಿಸಿಬಿಟ್ಟ.

ಮೈದುನ ಎದ್ದು ಬಿಳಿ ಎತ್ತಿನ ಹಗ್ಗ ಬಿಚ್ಚಿದ. “ನಿನ್ನ ಎತ್ತು ದಿಲ್ಲಿಗಿ ಒಯ್ದು ಹೂಡು. ನನ್ನ ಎತ್ತು ನಿನ್ನ ಹೊಲದಾಗ ಕಾಲಿಡಂಗಿಲ್ಲ.”

“ಬ್ಯಾಡ ಬಿಡ್ರಿ. ನಿಮ್ಮ ಎತ್ತಿಗಿ ಹುಲ್ಲೂ ಪುಕ್ಕಟ ಕೊಡ್ತದ ನಿಮ್ಮ ಸರಕಾರ, ಕಟ್ಟಿ ಮೇಯಿಸ್ರಿ.”

ಮೊದಲ ದಿನ ಹೀಗೆ ಹೋಯಿತು. ಸಂಜೆಯ ಮುಂದೆ ನಾನು ಗೋಡೆ ಸುತ್ತಿಕೊಂಡು ಮೈದುನನ ಮನೆಗೆ ಹೋದೆ. ನಾನು ಸೊಸೆಯಾಗಿ ಬಂದಾಗ ಅವನು ಚಡ್ಡಿ ಇಲ್ಲದೆ ಓಡಾಡುತ್ತಿದ್ದ. ಈಗ ಮೀಸೆ ಬೆಳ್ಳಗಾಗಿದೆ.

“ವೈನಿ, ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ,” ಎಂದ. “ಅಂವ ಬಂದು ತಪ್ಪಾತು ಅನ್ನಲಿ.”

“ತಪ್ಪಾತು ಅಂದ್ರ ಕಸ ಸಾಯತದೇನು?”

“ಇದು ಕಸದ ಮಾತಲ್ಲ ವೈನಿ. ನೀತಿ ಮಾತು.”

“ಹಂಗಾರ ನೀತಿಗೇ ಕುಂಟಿ ಕಟ್ಟು.”

ಅವನು ಮೊಬೈಲ್ ನೋಡತೊಡಗಿದ. ಮನೆಗೆ ಬಂದು ಮಗನಿಗೆ ಹೇಳಿದರೆ, ಕಾಕಾ ದೇಶಕ್ಕೆ ಬೈದಿದ್ದಾರೆ, ಆ ಮಾತು ವಾಪಸ್ ತೆಗೆದುಕೊಳ್ಳಲಿ ಎಂದ. ತೊಗರಿಯ ಧಾರಣೆ ಕೇಳಿದರೆ ಅದು ದೇಶಕ್ಕೆ ಬೈದಂತೆ ಯಾವಾಗ ಆಯಿತೋ ನನಗೆ ತಿಳಿಯಲಿಲ್ಲ. ಇಬ್ಬರ ತೊಗರಿಯೂ ಒಂದೇ ಮಾರುಕಟ್ಟೆಗೆ, ಒಂದೇ ಗಾಡಿಯಲ್ಲಿ ಹೋಗುತ್ತದೆ. ಧಾರಣೆ ಬಿದ್ದರೆ ಪಕ್ಷ ನೋಡಿ ಬೀಳುವುದಿಲ್ಲ.

ಎರಡನೆಯ ದಿನ ಮಗ ಒಂದು ಉಪಾಯ ಮಾಡಿದ. ಪಕ್ಕದ ಊರಿನಲ್ಲಿ ಅವನ ಪಕ್ಷದ ಗೆಳೆಯನೊಬ್ಬನಿದ್ದಾನೆ, ಅವನ ಹತ್ತಿರವೂ ಒಂಟಿ ಎತ್ತು. ಅಫಜಲಪುರದ ಕಡೆಯಿಂದ ತಂದದ್ದು, ನೋಡಲು ಆನೆಯಂತಿತ್ತು. ಎತ್ತು ಎಳೆಯದಾಗಿದ್ದಾಗ ನೊಗದ ಯಾವ ಬದಿಗೆ ಕಲಿಯುತ್ತದೋ ಸಾಯುವ ತನಕ ಅದೇ ಬದಿ. ನಮ್ಮ ಕೆಂದೆತ್ತು ಎಡಕ್ಕೆ ಕಲಿತದ್ದು. ಅದಕ್ಕೇ ನಾನು ಆ ಗೆಳೆಯನನ್ನು ಕೇಳಿದೆ, “ತಮ್ಮಾ, ಇದು ಯಾವ ಬದಿದು?”

“ಅದರ ಚಿಂತಿ ಬಿಡ್ರಿ ಅಮ್ಮಾ. ನಮ್ಮೋರ ಎತ್ತು ಅದು, ಹೇಳಿದಂಗ ಕೇಳತದ.”

ಕೇಳಲಿಲ್ಲ. ಅದೂ ಎಡಕ್ಕೇ ಕಲಿತದ್ದು. ಬಲಕ್ಕೆ ನಿಲ್ಲಿಸಿದರೆ ನಮ್ಮ ಎತ್ತನ್ನು ತಳ್ಳಿಕೊಂಡು ಎಡಕ್ಕೆ ಬರುತ್ತಿತ್ತು, ನಮ್ಮದು ಜಾಗ ಬಿಡದೆ ಕೋಡು ಹಾಕುತ್ತಿತ್ತು. ಕುಂಟೆ ಸಾಲು ಬಿಟ್ಟು ಬೆಳೆಯ ಮೇಲೆ ಹರಿಯಿತು. ಸಾಲದ್ದಕ್ಕೆ ಪೈರಿಗೆ ಬಾಯಿ ಹಾಕದಂತೆ ಎತ್ತಿನ ಮೂತಿಗೆ ಬಲೆ ಕಟ್ಟುವುದನ್ನೇ ಇಬ್ಬರೂ ಮರೆತಿದ್ದರು. ಜಗಳದ ನಡುವೆ ಎರಡೂ ಎತ್ತು ತೊಗರಿಯ ಕುಡಿ ಮೇಯ್ದವು. ನಾಲ್ಕು ಸಾಲು ಹಾಳಾದ ಮೇಲೆ ಬೇವಿನ ಮರದ ಕೆಳಗೆ ಕೂತು ಗೆಳೆಯ ಹೇಳಿದ, “ಕಾಕಾ ಏನರ ಮಾಟ ಮಾಡಿಸ್ಯಾರ ಎತ್ತಿಗಿ.” ನನ್ನ ಮಗ ಇಲ್ಲವೆನ್ನಲಿಲ್ಲ. ನಾನು ಗಂಟು ಕಟ್ಟಿ ತಂದಿದ್ದ ರೊಟ್ಟಿಯನ್ನು ಅವರಿಗೆ ಕೊಡದೆ ವಾಪಸ್ ಒಯ್ದೆ.

ಆಚೆ ಮನೆಯಲ್ಲೂ ಸುಖವಿರಲಿಲ್ಲ. ಮೈದುನ ಹೆಣ್ಣಾಳು ಹಚ್ಚಿ ಕೈಯಿಂದ ಕಸ ತೆಗೆಸುತ್ತೇನೆಂದು ಊರೆಲ್ಲ ತಿರುಗಿದ. ವರಪಿನಲ್ಲಿ ಎಲ್ಲರ ಹೊಲಕ್ಕೂ ಆಳು ಬೇಕು, ಯಾರೂ ಸಿಗಲಿಲ್ಲ. ಅವನ ಹೆಂಡತಿ, ನನ್ನ ನೆಗೆಣ್ಣಿ, ಗೋಡೆಯ ಹತ್ತಿರ ಬಂದು ಬಾಯಿಗೆ ಸೆರಗು ಇಟ್ಟುಕೊಂಡು ಹೇಳಿದಳು:

“ಅಕ್ಕಾ, ಎರಡು ಸಾವಿರ ಕೊಡಾಕತ್ತ ಮ್ಯಾಲ ಹೆಣ್ಣಾಳು ಕೆಲಸಕ್ಕ ಬರವೊಲ್ರು ಅಂತ ಒಳಗ ಕೂತು ಬೈಯಾಕತ್ತಾರ. ಹೊರಗ ಅನ್ನಾಕ ಬಾಯಿಲ್ಲ. ಕೊಟ್ಟೋರು ಅವರ ಪಕ್ಷದೋರೇ.”

ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಆಕೆ, “ಇನ್ನ ಎರಡು ದಿನ ಅಷ್ಟೇ ಅಕ್ಕಾ,” ಎಂದಳು. ಅದು ನನಗೂ ಗೊತ್ತಿತ್ತು.

ಮೂರನೆಯ ದಿನ ಬೆಳಗಾಗುತ್ತಲೇ ಮೈದುನ ಚಹಾದ ಹೋಟೆಲಿಗೆ ಹೋದ, ನನ್ನ ಮಗ ಇನ್ನೂ ಹಾಸಿಗೆಯಲ್ಲಿದ್ದ. ನಾನು ಹೋಗಿ ಬಿಳಿ ಎತ್ತಿನ ಹಗ್ಗ ಬಿಚ್ಚಿದೆ. ನೆಗೆಣ್ಣಿ ಅಡ್ಡ ಬಂದಳು. ಬೇಡ ಎನ್ನುವುದಕ್ಕಲ್ಲ.

“ಮೊದಲ ನಮ್ಮ ಹೊಲಕ್ಕ, ಅಕ್ಕಾ. ಪದ್ಧತಿ ಅದ.”

“ನಿಮ್ಮ ಹೊಲ ದಾರಿ ಮ್ಯಾಗ ಅದ. ಹೋಟೆಲಿನಿಂದ ಬರೂವಾಗ ನಿನ್ನ ಗಂಡ ನೋಡಿ ಬಿಚ್ಚಿಕೊಂಡು ಹೋಗ್ತಾನ. ನಮ್ಮದು ಒಳಗ ಅದ, ಮೊದಲ ಅದು ಆಗಲಿ. ನಾಳೆ ನಿಮ್ಮದು.”

ಈ ಮಾತು ಖರೆಯೇ ಇತ್ತು. ಆದರೆ ನಮ್ಮ ಹೊಲ ಮೊದಲು ಆಗಲಿ ಎನ್ನುವ ಆಸೆಯೂ ನನಗಿತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ. ಆಕೆ ನನ್ನ ಮುಖ ನೋಡಿದಳು. ಒಳಗೆ ಹೋಗಿ ಮೂತಿಯ ಬಲೆ ತಂದಳು.

ಹೆಣ್ಣುಮಕ್ಕಳು ಕುಂಟೆಯ ಮೇಳಿ, ಅಂದರೆ ಹಿಡಿಕೆ, ಹಿಡಿದರೆ ಮಳೆ ಹೋಗುತ್ತದೆ ಎಂದು ನಮ್ಮ ಮನೆಯಲ್ಲಿ ಹಿರಿಯರು ಹೇಳುತ್ತಿದ್ದರು. ನಾನು ಮೇಳಿ ಹಿಡಿದೆ, ನೆಗೆಣ್ಣಿ ಮುಂದೆ ಹಗ್ಗ ಹಿಡಿದಳು. ನೊಗ ಎತ್ತಿದ ಕೂಡಲೇ ಎರಡೂ ಎತ್ತು ತಮ್ಮ ತಮ್ಮ ಬದಿಗೆ ನಿಂತು ಕುತ್ತಿಗೆ ಕೊಟ್ಟವು. ನನ್ನ ಸಾಲು ಸೊಟ್ಟಗೆ ಹೋಯಿತು, ರಟ್ಟೆ ಬಿದ್ದುಹೋಯಿತು, ಆದರೂ ಕಸ ಬುಡ ಮೇಲಾಗಿ ಬೀಳುತ್ತಿತ್ತು. ಆರನೆಯ ಸಾಲಿಗೆ ಬರುವಷ್ಟರಲ್ಲಿ ಬದುವಿನ ಮೇಲೆ ಮಂದಿ ಕೂಡಿದರು. ಯಾರೂ ಕೈ ಹಚ್ಚಲಿಲ್ಲ, ಎಲ್ಲರೂ ಮೊಬೈಲ್ ಎತ್ತಿ ಹಿಡಿದರು.

ಸುದ್ದಿ ಮುಟ್ಟಿ ಇಬ್ಬರೂ ಗಂಡಸರು ಓಡಿ ಬಂದರು. ಮಗ, “ಅವ್ವ, ಬಿಡು. ಮಂದಿ ನಗತಾರ,” ಎಂದ.

“ಮೂರು ದಿನದಿಂದ ನಿಮ್ಮ ನೋಡಿ ನಗಾಕತ್ತಾರ. ಇವತ್ತ ಜರಾ ನನ್ನ ನೋಡಿ ನಗಲಿ.”

ಮೈದುನ, “ನನ್ನ ಎತ್ತು ಯಾರನ್ನ ಕೇಳಿ ಬಿಚ್ಚಿದ್ರಿ ವೈನಿ?” ಎಂದ.

“ನಿನ್ನ ಕುಂಡಿ ತೊಳೆಯೂವಾಗ ಯಾರನ್ನ ಕೇಳಿದ್ದೆನೋ?”

ಬದುವಿನ ಮೇಲಿನವರು ನಕ್ಕರು. ಮೈದುನ ತಲೆ ತಗ್ಗಿಸಿ ಹೆಂಡತಿಯ ಕೈಯಿಂದ ಹಗ್ಗ ತೆಗೆದುಕೊಂಡ. ಮಗ ನನ್ನಿಂದ ಮೇಳಿ ಕಸಿದುಕೊಂಡ. ಸಂಜೆಯ ತನಕ ಎಡೆ ಹೊಡೆದರು. ಒಬ್ಬರಿಗೊಬ್ಬರು ಮಾತಾಡಲಿಲ್ಲ, ಎತ್ತಿನ ಜೊತೆ ಮಾತಾಡಿದರು. “ನೆಟ್ಟಗ ನಡಿಯಲೇ, ಮಂದಿ ಮಾತು ಕೇಳಿ ಕೆಟ್ಟೀದಿ ನೀ,” ಎಂದು ಮೈದುನ ಕೆಂದೆತ್ತಿಗೆ ಬೈದ. “ವಯಸ್ಸಾತು, ಬುದ್ಧಿ ಬರಲಿಲ್ಲ ನಿನಗ,” ಎಂದು ಮಗ ಬಿಳಿ ಎತ್ತಿಗೆ ಬೈದ. ಬೈದರೆ ಬೈಯಲಿ, ನಮ್ಮ ಹೊಲ ಮುಗಿಯಿತು.

ನಾಲ್ಕನೆಯ ದಿನ ಮೈದುನನ ಹೊಲಕ್ಕೆ ಹೋಗಬೇಕು. ಬೆಳಿಗ್ಗೆ ಎತ್ತು ಬಿಚ್ಚುವ ಹೊತ್ತಿಗೆ ಇಬ್ಬರ ಮೊಬೈಲಿಗೂ ಒಂದು ವಿಡಿಯೋ ಬಂತು. ಅದರಲ್ಲಿದ್ದವರು ನಾವೇ, ಕುಂಟೆ ಹೊಡೆಯುವ ಇಬ್ಬರು ಮುದುಕಿಯರು. ಮಗನಿಗೆ ಬಂದದ್ದರ ಕೆಳಗೆ, ಬೆಂಗಳೂರಿನ ಸರಕಾರದಲ್ಲಿ ಹೆಣ್ಣುಮಕ್ಕಳಿಗೆ ಬಂದ ಗತಿ ನೋಡಿ ಎಂದು ಬರೆದಿತ್ತಂತೆ. ಮೈದುನನಿಗೆ ಬಂದದ್ದರ ಕೆಳಗೆ, ದಿಲ್ಲಿಯ ಸರಕಾರ ರೈತನನ್ನು ತಂದು ನಿಲ್ಲಿಸಿದ ಜಾಗ ನೋಡಿ ಎಂದಿತ್ತಂತೆ. ಇಬ್ಬರೂ ಒಬ್ಬರಿಗೊಬ್ಬರು ತೋರಿಸಿಕೊಂಡು ಶುರು ಮಾಡಿದರು. ನಾನು ನಡುವೆ ನಿಂತು ಹೇಳಿದೆ, “ಅದರಾಗ ಇದ್ದಾಕಿ ನಾನು. ನನ್ನ ಗತಿ ಮಾಡಿದೋರು ನೀವಿಬ್ಬರು. ಹೊಲಕ್ಕ ನಡೀರಿ.” ಕೇಳುವವರು ಯಾರು? ನೆಗೆಣ್ಣಿ ಎತ್ತು ಹಿಡಿದುಕೊಂಡು ದಾರಿಯಲ್ಲಿ ನಿಂತೇ ಇದ್ದಳು. ಹೊಲಕ್ಕೆ ಹೋದಾಗ ಬಿಸಿಲು ನೆತ್ತಿಗೆ ಬಂದಿತ್ತು. ಅರ್ಧ ಹೊಲ ಆಗಿತ್ತು, ಮಳೆ ಬಂತು. ನಾನು ಮೇಳಿ ಹಿಡಿದದ್ದಕ್ಕೆ ಮಳೆ ಹೋಗಬೇಕಿತ್ತು. ಹೋಗಿದ್ದರೆ ಒಳ್ಳೆಯದಾಗುತ್ತಿತ್ತು.

ಮಳೆ ಎಂಟು ದಿನ ಬಿಡಲಿಲ್ಲ. ಬಿಟ್ಟ ಮೇಲೆ ಹೋಗಿ ನೋಡಿದರೆ ನಮ್ಮ ತೊಗರಿ ಕರ್ರಗೆ ಎದ್ದಿತ್ತು, ಮೈದುನನ ಅರ್ಧ ಹೊಲವೂ ಎದ್ದಿತ್ತು, ಉಳಿದ ಅರ್ಧದಲ್ಲಿ ಕಸವೇ ಬೆಳೆಯಾಗಿತ್ತು. ತೊಗರಿ ಅದರೊಳಗೆ ಹಳದಿಯಾಗಿ ಬಗ್ಗಿತ್ತು. ಇನ್ನು ಎತ್ತು ಇಳಿಯುವ ಹಾಗಿರಲಿಲ್ಲ, ಬುಡ ಬುಡಕ್ಕೆ ಕೂತು ಕೈಯಿಂದಲೇ ಕೀಳಬೇಕು.

“ಅಕ್ಕಾ, ನಿಮ್ಮದು ಆತು,” ಎಂದಳು ನೆಗೆಣ್ಣಿ. ಅಷ್ಟೇ ಹೇಳಿದಳು. ಬೈದಿದ್ದರೆ ನಾನೂ ಬೈಯುತ್ತಿದ್ದೆ.

ಮನೆಗೆ ಹೋಗಿ ಕಸ ಕೀಳುವ ನಾಲ್ಕು ಖುರ್ಪಿ ತಂದೆ. ಎರಡು ನಾವು ಹಿಡಿದೆವು, ಎರಡನ್ನು ಬದುವಿನ ಮೇಲೆ ಇಟ್ಟೆ. ಗಂಡಸರು ಅಲ್ಲೇ ನಿಂತಿದ್ದರು. ಬೆಳೆ ವಿಮೆ ದಿಲ್ಲಿಯದೋ ಬೆಂಗಳೂರಿನದೋ, ಹಾಳಾದ ಅರ್ಧಕ್ಕೆ ಪರಿಹಾರ ಕೊಡಬೇಕಾದವರು ಯಾರು ಎಂದು ನಡೆದಿತ್ತು.

“ಖುರ್ಪಿ ಅಲ್ಲಿ ಅವ,” ಎಂದು ಕೂಗಿದೆ.

ಸ್ವಲ್ಪ ಹೊತ್ತಿನ ಮೇಲೆ ಮೈದುನ ಧೋತರ ಮೇಲೆ ಕಟ್ಟಿ ಬಂದು ಹೆಂಡತಿಯ ಪಕ್ಕದ ಸಾಲಿಗೆ ಕೂತ. ಮಗ ಮೊಬೈಲ್ ಹಿಡಿದು ಬದುವಿನ ಮೇಲೆಯೇ ಇದ್ದ.

“ಬಂದೆ ಅವ್ವ, ಇದೊಂದು ಕಳಿಸಿ ಬರ್ತೇನಿ. ಇದಕ್ಕ ಉತ್ತರ ಕೊಡಲಿಲ್ಲಂದ್ರ ನಾವು ಸೋತಂಗ ಆಗತದ.”

ಸೋತದ್ದು ಮೈದುನನ ಅರ್ಧ ಹೊಲ, ಅದಕ್ಕೆ ನಾನೂ ಕಾರಣ. ಮಗನ ಪಾಲಿಗೆ ಬಿಟ್ಟಿದ್ದ ಸಾಲನ್ನೂ ನಾನೇ ಹಿಡಿದೆ.