ಜಾಲಮ್ಮ ತಿರುಗಿಸದ ಹಿಮ್ಮಡಿ

ಗುಂಡಿ ಅಂಗಡಿಯ ಜಾಲಮ್ಮನಿಗೆ ಆ ಹೆಸರು ಅಂಟಿಕೊಂಡಿದ್ದು ಅವಳು ಹೆಣೆಯುವ ಬಲೆಯಂಥ ತೂತುತೂತಿನ ಕಾಲುಚೀಲಗಳಿಂದ. ಗುಂಡಿ, ಜಿಪ್ಪು, ದಾರ, ಉಣ್ಣೆಯ ಉಂಡೆ ಮಾರುವ ಇಕ್ಕಟ್ಟಿನ ಅಂಗಡಿ ಅದು. ಒಂದು ಗೋಡೆಯುದ್ದಕ್ಕೂ ಪುಟ್ಟ ಪುಟ್ಟ ಖಾನೆಗಳು, ಒಳಗೆ ಯಾವ ಗುಂಡಿ ಇದೆಯೋ ಅದರದೇ ಒಂದನ್ನು ಖಾನೆಯ ಮೂತಿಗೆ ಅಂಟಿಸಿದ್ದಾರೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ, ಅಲ್ಲಿ ಕೆಲಸಕ್ಕಿರುವ ಜಾಲಮ್ಮ ಸ್ಟೂಲಿನ ಮೇಲೆ ಕೂತು ಹೆಣೆಯುತ್ತಾಳೆ. ಎರಡೂ ತುದಿ ಚೂಪಾದ ಗಿಡ್ಡ ಕಡ್ಡಿಗಳು ಐದು. ನಾಲ್ಕು ಕಡ್ಡಿ ಕುಣಿಕೆಗಳನ್ನು ಹಿಡಿದುಕೊಂಡು ಸುಮ್ಮನಿರುತ್ತವೆ, ಐದನೆಯದು ಓಡಾಡುತ್ತದೆ.

“ನಮ್ಮನೆ ಥರಾನೇ. ನಾಲ್ಕು ಜನ ಕೂತಿರ್ತಾರೆ, ಒಬ್ಬಳು ದುಡೀತಾಳೆ” ಅನ್ನುವುದು ಅವಳ ಹಳೆಯ ಮಾತು. ಹೊಸ ಗಿರಾಕಿಗಳು ನಗುತ್ತಾರೆ, ಹಳಬರು ಜಿಪ್ಪಿನ ಬಣ್ಣ ನೋಡುತ್ತಾರೆ.

ಅವಳದು ಲೇಸ್ ಕೆಲಸ. ತೂತು ಬೇಕಾದ ಕಡೆ ನೂಲನ್ನು ಕಡ್ಡಿಗೆ ಒಂದು ಸುತ್ತು ಹೆಚ್ಚಿಗೆ ಹಾಕಬೇಕು. ಆಗ ಒಂದು ಕುಣಿಕೆ ಹೆಚ್ಚಾಯಿತಲ್ಲ, ಅದಕ್ಕೆ ಪಕ್ಕದಲ್ಲೇ ಎರಡು ಕುಣಿಕೆಯನ್ನು ಸೇರಿಸಿ ಒಂದು ಮಾಡಬೇಕು. ಮರೆತರೆ ಎಲೆಯ ಆಕಾರ ಒಂದು ಪಕ್ಕಕ್ಕೆ ಹೊರಳಿಕೊಂಡು, ಅದು ಎಲೆಯೋ ಮೀನೋ ಎಂದು ಕೇಳುವ ಹಾಗಾಗುತ್ತದೆ. ನಡುವೆ ಯಾರಾದರೂ ಬಂದು “ಕೋಟಿನ ಗುಂಡಿ ಇದ್ಯಾ?” ಎಂದರೆ ಜಾಲಮ್ಮ ಒಂದು ಬೆರಳು ಎತ್ತುತ್ತಾಳೆ. ಆ ಬೆರಳು ಇಳಿಯುವವರೆಗೆ ಕೋಟು ಕಾಯಬೇಕು.

ಕಡ್ಡಿಯಿಂದ ಆಗಷ್ಟೇ ಇಳಿದ ಲೇಸ್ ನೋಡಲು ಹಿಂಡಿ ಎಸೆದ ಬಟ್ಟೆಯ ಹಾಗಿರುತ್ತದೆ. ಅದನ್ನು ತೋಯಿಸಿ, ಪಾದದ ಆಕಾರಕ್ಕೆ ಬಗ್ಗಿಸಿದ ತಂತಿಗೆ ಎಳೆದು ತೊಡಿಸಿ, ಕಿಟಕಿಗೆ ತೂಗುಹಾಕಿದರೆ, ಒಣಗುತ್ತಾ ಒಣಗುತ್ತಾ ಒಂದೊಂದೇ ತೂತು ಕಣ್ಣು ಬಿಡುತ್ತದೆ. ಎಲೆಗಳು ಸಾಲಾಗಿ ನಿಲ್ಲುತ್ತವೆ. ಅಷ್ಟು ಹೊತ್ತೂ ಜಾಲಮ್ಮ ಬೇರೇನೋ ಕೆಲಸವಿದ್ದವಳ ಹಾಗೆ ಆ ಕಿಟಕಿಯ ಹತ್ತಿರವೇ ಸುಳಿದಾಡುತ್ತಾಳೆ.

ಅಂಗಡಿಯ ಯಜಮಾನರು ಅವಳ ಕಾಲುಚೀಲಗಳನ್ನು ಬಾಗಿಲ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನೋಡಿದವರೆಲ್ಲ ಹೊಗಳುತ್ತಿದ್ದರು. ಜಾಲಮ್ಮ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದಳು. ತಲೆ ತಗ್ಗಿಸಿದ್ದಕ್ಕೆ ನಾಚಿಕೆಯ ಜೊತೆ ಇನ್ನೊಂದು ಕಾರಣವೂ ಇತ್ತು. ಆ ಕಾಲುಚೀಲಗಳಲ್ಲಿ ಒಂದರ ಹಿಮ್ಮಡಿಯನ್ನೂ ಅವಳು ಹೆಣೆದಿರಲಿಲ್ಲ.

ಹಿಮ್ಮಡಿ ಅವಳ ಓರಗಿತ್ತಿಯದು. ಅಣ್ಣತಮ್ಮಂದಿರ ಮನೆ, ಕೆಳಗೆ ದೊಡ್ಡವರು, ಮೇಲೆ ಚಿಕ್ಕವರು. ಮದುವೆಯಾಗಿ ಬಂದ ಹೊಸತರಲ್ಲಿ ಜಾಲಮ್ಮ ಅರ್ಧ ಹೆಣೆದ ಕಾಲುಚೀಲ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಾಗ ದೊಡ್ಡ ಸೊಸೆ ಅದನ್ನು ಕೈಯಿಂದ ಕಿತ್ತುಕೊಂಡು, “ಹಿಮ್ಮಡಿ ನಿನ್ನ ಕೈಲಾಗೋದಲ್ಲ ಹುಡುಗಿ, ಕೊಡಿಲ್ಲಿ” ಅಂದಿದ್ದಳು. ಮಾರನೆಯ ದಿನ ಹಿಮ್ಮಡಿ ತಿರುಗಿ, ಚೀಲ ಪಾದದ ಕಡೆ ಮುಖ ಮಾಡಿಕೊಂಡು ವಾಪಸು ಬಂತು. ಆವತ್ತಿನಿಂದ ಅದೇ ರೂಢಿಯಾಯಿತು. ಮೇಲಿನವಳು ಲೇಸ್ ಮುಗಿಸಿ ಬುಟ್ಟಿಯನ್ನು ಮೆಟ್ಟಿಲ ತಿರುವಿನ ಕಿಟಕಿಕಟ್ಟೆಯಲ್ಲಿ ಇಡುವುದು, ಕೆಳಗಿನವಳು ಹಿಮ್ಮಡಿ ತಿರುಗಿಸಿ ಅಲ್ಲೇ ಇಡುವುದು. ನೀರಿನ ವಿಷಯಕ್ಕೆ, ಒಗೆದ ಬಟ್ಟೆಯ ಹಗ್ಗದ ವಿಷಯಕ್ಕೆ ಇಬ್ಬರೂ ಮಾತು ಬಿಟ್ಟ ಕಾಲದಲ್ಲೂ ಬುಟ್ಟಿ ಮಾತ್ರ ಹೋಗಿ ಬಂದು ಮಾಡುತ್ತಲೇ ಇತ್ತು. ಹುಡುಗಿಗೆ ಈಗ ಮೊಮ್ಮಗಳಿದ್ದಾಳೆ. ಆದರೂ ಅವಳು ಅಕ್ಕ ಎಂದು ಕರೆಯುವ ಓರಗಿತ್ತಿಯ ಬಾಯಲ್ಲಿ ಹುಡುಗಿಯೇ.

ಹೀಗಿರುವಾಗ ಅಂಗಡಿಯ ಯಜಮಾನರು ಒಂದು ಬೆಳಿಗ್ಗೆ ಕೈ ಉಜ್ಜಿಕೊಳ್ಳುತ್ತಾ ಬಂದರು.

“ಜಾಲಮ್ಮ, ಶನಿವಾರ ಸಂಜೆ ಇಲ್ಲೇ ಒಂದು ಕ್ಲಾಸ್ ಇಡೋಣ. ಕಾಲುಚೀಲ ಹೆಣೆಯೋದು ನೀವು ಹೇಳ್ಕೊಡಿ. ಉಣ್ಣೆನೂ ಖರ್ಚಾಗುತ್ತೆ.”

“ಆಗ್ಲಿ ಬಿಡಿ” ಅಂದುಬಿಟ್ಟಳು ಜಾಲಮ್ಮ. ಅಂದ ಮೇಲೆ ಹಿಮ್ಮಡಿಯ ನೆನಪಾಯಿತು.

ಆರು ಜನ ಹೆಂಗಸರು ಸೇರಿಕೊಂಡರು. ಅವರಲ್ಲಿ ಒಬ್ಬಳು ಆಸ್ಪತ್ರೆಯ ನರ್ಸು, ಪ್ರಶ್ನೆ ಕೇಳಲು ಹಿಂದುಮುಂದು ನೋಡದವಳು. ಬಾಯಂಚು ಬಿಗಿಯಾದರೆ ಹಿಮ್ಮಡಿಯೇ ಒಳಗೆ ತೂರುವುದಿಲ್ಲ, ಸಡಿಲವಾದರೆ ಚೀಲ ಜಾರಿ ಶೂ ಒಳಗೆ ಹೋಗಿ ಮಲಗುತ್ತದೆ ಎಂದು ಜಾಲಮ್ಮ ಹೇಳಿಕೊಟ್ಟಳು. ಲೇಸ್ ಹೇಳಿಕೊಟ್ಟಳು. ಕುಣಿಕೆ ಜಾರಿ ಕೆಳಕ್ಕಿಳಿದರೆ ಬೆಚ್ಚಿಬೀಳದೆ ಏಣಿ ಹತ್ತಿಸಿದ ಹಾಗೆ ಮೇಲಕ್ಕೆ ತರುವುದನ್ನು ತೋರಿಸಿದಳು. ಯಾರು ತಪ್ಪಿದರೂ ಸಿಡುಕಲಿಲ್ಲ. ಎಲ್ಲರ ಲೇಸೂ ಶನಿವಾರದಿಂದ ಶನಿವಾರಕ್ಕೆ ಉದ್ದವಾಗುತ್ತಿತ್ತು. ಉದ್ದವಾದಷ್ಟೂ ಹಿಮ್ಮಡಿ ಹತ್ತಿರವಾಗುತ್ತಿತ್ತು.

“ಮುಂದಿನ ವಾರ ಹಿಮ್ಮಡಿ ಅಲ್ವಾ?” ಕೇಳಿದಳು ನರ್ಸು.

“ಹೂಂ” ಅಂದಳು ಜಾಲಮ್ಮ, ಅದೇನೂ ದೊಡ್ಡ ವಿಷಯವಲ್ಲ ಎಂಬಂತೆ.

ಮನೆಗೆ ಬಂದು ಗಂಡನಿಗೆ ಹೇಳಿದಳು. ಬಸ್ಸು ಓಡಿಸಿ ಸುಸ್ತಾಗಿದ್ದ ಅವನು ಕಣ್ಣು ತೆರೆಯದೆಯೇ, “ಹಿಮ್ಮಡಿ ಇಲ್ಲದ್ದೇ ಹೊಸ ಫ್ಯಾಷನ್ ಅಂದುಬಿಡು” ಎಂದ.

“ನಿಮಗೇನು, ತಮಾಷೆ.”

“ಕೆಳಗೆ ಹೋಗಿ ಅತ್ತಿಗೇನ ಕೇಳು ಮತ್ತೆ.”

“ನಿಮ್ಮ ಅತ್ತಿಗೇನಾ? ಊರಿಗೆಲ್ಲ ಹೇಳ್ಕೊಂಡು ಬರ್ತಾರೆ.”

ಅವಳು ಬೇರೆ ದಾರಿ ಹಿಡಿದಳು. ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿದ್ದ ಹೊತ್ತಿನಲ್ಲಿ ಒಂದು ಹಳೆಯ ಕಾಲುಚೀಲ ತೆಗೆದು ಬೆರಳ ತುದಿಯಿಂದ ಬಿಚ್ಚುತ್ತಾ ಹೋದಳು. ಹಿಮ್ಮಡಿ ಬಂದಾಗ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು. ನೂಲು ಸಾಲಿನ ನಡುವಿನವರೆಗೆ ಹೋಗಿ, ಅಲ್ಲಿಂದಲೇ ಹಿಂದಕ್ಕೆ ಹೊರಳಿತ್ತು. ಮುಂದಿನ ಸಾಲಿನಲ್ಲೂ ಹಾಗೇ. ಅದರ ಮುಂದಿನದರಲ್ಲೂ. ಜಾಲಮ್ಮನಿಗೆ ಒಂದು ಥರ ಸಮಾಧಾನವಾಯಿತು. ಅಕ್ಕನಿಗೆ ಸಾಲು ಮುಗಿಸುವಷ್ಟೂ ತಾಳ್ಮೆ ಇಲ್ಲ ನೋಡು, ಅರ್ಧಕ್ಕೇ ಬಿಟ್ಟು ತಿರುಗಿದ್ದಾಳೆ, ಎಲ್ಲ ಅವಸರದ ಕೆಲಸ ಎಂದುಕೊಂಡಳು. ಅಷ್ಟು ವರ್ಷ ಅದೇ ಅವಸರದ ಹಿಮ್ಮಡಿ ಕಾಲಿಗೆ ಸರಿಯಾಗಿ ಕೂತಿತ್ತು ಎನ್ನುವುದು ಆ ಕ್ಷಣದಲ್ಲಿ ಹೊಳೆಯಲಿಲ್ಲ. ಅಕ್ಕನ ತಪ್ಪು ತಿದ್ದಿ, ಪ್ರತಿ ಸಾಲನ್ನೂ ಕೊನೆಯವರೆಗೆ ಹೆಣೆದಳು. ಚೊಕ್ಕವಾಗಿ ಬಂತು. ನೀಟಾಗಿ, ಚಪ್ಪಟೆಯಾಗಿ, ನಾಯಿಯ ನಾಲಿಗೆಯ ಹಾಗೆ ಜೋತುಬಿತ್ತು. ಇನ್ನೊಂದು ಕಾಲುಚೀಲ ಬಿಚ್ಚಿದಳು, ಮತ್ತೆ ಹೆಣೆದಳು. ಇನ್ನೊಂದು ನಾಲಿಗೆ.

ಶುಕ್ರವಾರ ಸಂಜೆ ಅವಳು ಕಿಟಕಿಕಟ್ಟೆಯಲ್ಲಿ ನಿಲ್ಲದೆ ಪೂರಾ ಮೆಟ್ಟಿಲು ಇಳಿದಳು. ಅಕ್ಕ ಕಣ್ಣಿನ ಪೊರೆ ತೆಗೆಸಿಕೊಂಡಿದ್ದವಳು, ಕಪ್ಪು ಕನ್ನಡಕ ಹಾಕಿಕೊಂಡು ಹೊಸ್ತಿಲ ಹತ್ತಿರ ಕೂತಿದ್ದಳು.

“ಬುಟ್ಟಿ ಎಲ್ಲಿ ಹುಡುಗಿ? ಬರೀ ಕೈಲಿ ಬಂದಿದ್ದೀಯ.”

“ಹಿಮ್ಮಡಿ ಹೇಗೆ ತಿರುಗಿಸೋದು ಅಂತ ಹೇಳ್ಕೊಡಿ ಅಕ್ಕ.”

“ಇಷ್ಟು ವರ್ಷ ಕೇಳಲೇ ಇಲ್ಲವಲ್ಲ.”

“ನೀವೂ ಹೇಳಲಿಲ್ಲ.”

“ಕೇಳದೆ ಹೇಳೋಕೆ ನಾನೇನು ರೇಡಿಯೋನಾ?”

ಜಾಲಮ್ಮ ಕ್ಲಾಸಿನ ವಿಷಯ ಹೇಳಿದಳು. ನಾಳೆಯೇ ಎಂದೂ ಹೇಳಿದಳು. ಅಕ್ಕ ಸೊಂಟದ ಹತ್ತಿರ ಸೆರಗು ಸಿಕ್ಕಿಸಿಕೊಂಡು ಯೋಚಿಸಿದಳು.

“ನಿನಗೆ ಹೇಳ್ಕೊಟ್ರೆ ಅಲ್ಲಿ ಹೋಗಿ ನಿಂದೇ ಅಂತೀಯ. ನಾನೇ ಬರ್ತೀನಿ. ಯಾರ ಹಿಮ್ಮಡಿ ಅಂತ ನಿನ್ನ ಬಾಯಿಂದಲೇ ಹೇಳ್ಬೇಕು. ಇಲ್ಲಾಂದ್ರೆ ನಾನು ಎದ್ದು ಮನೆಗೆ ಬರ್ತೀನಿ.”

ಶನಿವಾರ ಅಕ್ಕ ತನ್ನದೇ ದಿಂಬು ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಗೆ ಬಂದಳು. ಬಂದವಳೇ ಗಾಜಿನ ಪೆಟ್ಟಿಗೆಗೆ ಮೂಗು ತಾಗಿಸಿ ನಿಂತಳು. ಯಜಮಾನರು, “ಇವರು ಯಾರು ಜಾಲಮ್ಮ? ಕಲಿಯೋಕೆ ಬಂದ್ರಾ?” ಎಂದರು.

ಜಾಲಮ್ಮ ಕೈಯಲ್ಲಿದ್ದ ಕಡ್ಡಿಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಜೋಡಿಸಿದಳು. ಜೋಡಿಸುವುದು ಮುಗಿದುಹೋಯಿತು.

“ನಮ್ಮ ಓರಗಿತ್ತಿ. ಆ ಪೆಟ್ಟಿಗೇಲಿರೋ ಅಷ್ಟಕ್ಕೂ ಹಿಮ್ಮಡಿ ಇವರೇ ಹೆಣೆದದ್ದು. ನನಗೆ ಬರೋದಿಲ್ಲ.”

“ನಿಮಗೇ ಬರೋದಿಲ್ವಾ?” ನರ್ಸು ಕೇಳಿಯೇಬಿಟ್ಟಳು.

“ಬರೋದಿಲ್ಲಮ್ಮ. ಇವತ್ತು ನಿಮ್ಮ ಜೊತೆ ಕೂತು ಕಲೀತೀನಿ.”

ಯಜಮಾನರು ಪೆಟ್ಟಿಗೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿ, ಇನ್ನೊಂದು ಕುರ್ಚಿ ತಂದರು. “ಸರಿ, ಸರ್ಕೊಳ್ಳಿ ಎಲ್ಲಾ, ಇನ್ನೊಬ್ಬ ಸ್ಟೂಡೆಂಟು” ಎಂದಳು ನರ್ಸು. ಅಕ್ಕ ದಿಂಬು ಹಾಕಿಕೊಂಡು ಕೂತಳು. ಎದ್ದು ಹೋಗಲಿಲ್ಲ.

ಆದರೆ ಅಕ್ಕನಿಗೆ ಹೆಣೆಯಲು ಬರುತ್ತಿತ್ತು, ಹೇಳಲು ಬರುತ್ತಿರಲಿಲ್ಲ. ಕಪ್ಪು ಕನ್ನಡಕದ ಹಿಂದಿನಿಂದ ಎಲ್ಲೋ ನೋಡುತ್ತಾ ಬೆರಳಿನಲ್ಲೇ ತಡಕಿ ಸರಸರ ಹೆಣೆದಳು. “ಹೀಗೆ, ಹೀಗೆ, ಆಮೇಲೆ ಹೀಗೆ, ಆಯ್ತಾ?” ಎಂದಳು. ಯಾರಿಗೂ ಆಗಿರಲಿಲ್ಲ.

“ಎಲ್ಲಿಗೆ ತಿರುಗಬೇಕು?” ನರ್ಸು ಕೇಳಿದಳು.

“ಸಾಕು ಅನ್ನಿಸಿದಾಗ.”

“ಯಾವಾಗ ಸಾಕು ಅನ್ಸುತ್ತೆ?”

“ಅದು ಕೈಗೆ ಗೊತ್ತಾಗುತ್ತಮ್ಮ, ನನ್ನ ಕೇಳಿದ್ರೆ?”

ಜಾಲಮ್ಮ ಕುರ್ಚಿ ಎಳೆದುಕೊಂಡು ಹತ್ತಿರ ಹೋದಳು. ಅಕ್ಕನ ಬೆರಳು ಸಾಲಿನ ನಡುವೆ ನಿಂತು ಹಿಂದಕ್ಕೆ ಹೊರಟಿತು.

“ಅಕ್ಕ, ಸಾಲು ಮುಗಿದಿಲ್ಲ.”

“ಮುಗಿಸಿದ್ರೆ ಹಿಮ್ಮಡಿ ಆಗೋದಿಲ್ಲ ಕಣೇ. ನಾಲಿಗೆ ಆಗುತ್ತೆ.”

ಎರಡು ನಾಲಿಗೆ ಜಾಲಮ್ಮನ ಕೈಚೀಲದಲ್ಲೇ ಇದ್ದವು. ಅವಳು ಅವನ್ನು ತೋರಿಸಲಿಲ್ಲ. ಅಕ್ಕನ ಮಣಿಕಟ್ಟು ಹಿಡಿದು, “ಒಂದು ಸಲ ನಿಧಾನ ಮಾಡಿ” ಎಂದಳು. ಅಕ್ಕ ಗೊಣಗುತ್ತಾ ನಿಧಾನ ಮಾಡಿದಳು. ಸಾಲಿನ ನಡುವೆ ತಿರುಗಿದ ಜಾಗದಲ್ಲಿ ಕುಣಿಕೆಗಳ ಮಧ್ಯೆ ಒಂದು ಸಣ್ಣ ಸಂದು ಬಿಟ್ಟಿತ್ತು. ಮರಳಿ ಬಂದಾಗ ಅಕ್ಕನ ಕಡ್ಡಿ ಆ ಸಂದಿನ ಆಚೆಯದೊಂದು, ಈಚೆಯದೊಂದು ಕುಣಿಕೆ ಸೇರಿಸಿ ಒಂದು ಮಾಡಿತು, ಮತ್ತೊಂದು ಹೆಣೆಯಿತು, ತಿರುಗಿತು. ಬಟ್ಟೆ ಅಷ್ಟಷ್ಟೇ ಬೊಗಸೆಯಾಗುತ್ತಿತ್ತು.

“ಸಂದು ನೋಡ್ಕೊಳ್ಳಿ” ಎಂದಳು ಜಾಲಮ್ಮ ಎಲ್ಲರಿಗೂ. “ಸಂದು ಕಂಡ ಕಡೆ ಆಚೆ ಈಚೆಯದನ್ನ ಸೇರಿಸಿ ಒಂದು ಮಾಡಿ. ಇನ್ನೊಂದು ಹೆಣೆದು ತಿರುಗಿ. ಅಷ್ಟೇ.”

“ಸಂದು ಇದ್ಯಾ ಅಲ್ಲಿ?” ಅಕ್ಕ ಕೆಲಸ ನಿಲ್ಲಿಸಿ ಕನ್ನಡಕ ಹಣೆಗೇರಿಸಿದಳು. “ನಾನು ನೋಡೇ ಇಲ್ಲ.”

ಆ ಸಂಜೆ ನರ್ಸಿನ ಹಿಮ್ಮಡಿ ಎಲ್ಲರಿಗಿಂತ ಮೊದಲು ತಿರುಗಿತು. ಜಾಲಮ್ಮನದು ಎಲ್ಲರಿಗಿಂತ ಕೊನೆಗೆ. ಅಕ್ಕ ಅದನ್ನು ತೆಗೆದುಕೊಂಡು ಮೂಲೆಯಲ್ಲಿದ್ದ ತೂತಿಗೆ ಕಿರುಬೆರಳು ತೂರಿಸಿದಳು.

“ನನ್ನ ಬೆರಳು ಹೋಗುತ್ತಲ್ಲೇ ಇದರೊಳಗೆ.”

“ಲೇಸು ಅಂದ್ಕೊಳ್ಳಿ ಅಕ್ಕ.”

“ಹಿಮ್ಮಡೀಲಿ ಲೇಸಾ! ಬಿಚ್ಚು.”

ಉಳಿದವರು ಎದ್ದು ಚೀಲ ಕಟ್ಟಿಕೊಳ್ಳುತ್ತಿದ್ದರು, ಯಜಮಾನರು ಬಾಗಿಲ ಬಳಿ ಬೀಗ ಹಿಡಿದು ನಿಂತಿದ್ದರು. ಜಾಲಮ್ಮ ಕಡ್ಡಿ ಎಳೆದಳು. ಅಕ್ಕ ಎರಡೂ ಕೈ ಮುಂದೆ ಚಾಚಿ ಹಿಡಿದಳು. ಬಿಚ್ಚಿದ ನೂಲನ್ನು ಜಾಲಮ್ಮ ಆ ಕೈಗಳಿಗೆ ಸುತ್ತತೊಡಗಿದಳು.