ಹಗೇವಿನಲ್ಲಿಟ್ಟ ಚುಟ್ಟಾ

"ಅಮ್ಮಾ, ಆವುಲಪ್ಪ ತಾತ ಎಲ್ಲಾನೂ ಯಾಕೆ ಮೂಸಿ ಮೂಸಿ ನೋಡ್ತಾನೆ?"

ಐದು ವರ್ಷದ ನನ್ನ ಮಗಳು ಹೀಗೆ ಕೇಳಿದಾಗ ನಾನು ರಾಗಿ ಕೇರುತ್ತಿದ್ದೆ. ದೊಡ್ಡವರನ್ನು ಹಾಗೆಲ್ಲ ಅನ್ನಬಾರದು ಎಂದು ಗದರಿದೆ. ಆದರೆ ಅವಳು ಹೇಳಿದ್ದು ಸುಳ್ಳಲ್ಲ. ಬೇರಿಕೆಯ ನಮ್ಮ ಬೀದಿಯಲ್ಲಿ ಎದುರು ಮನೆಯ ಆವುಲಪ್ಪ ಬೆಳಗೆದ್ದರೆ ತುಳಸಿ ಎಲೆ ಕಿವುಚಿ ಮೂಗಿಗೆ ಹಿಡಿಯುತ್ತಾನೆ. ಸಂತೆಯಲ್ಲಿ ಬೆಲ್ಲದಚ್ಚು ಮೂಸುತ್ತಾನೆ. ಆಗಷ್ಟೇ ಸಾರಿಸಿದ ನೆಲಕ್ಕೂ ಬಗ್ಗುತ್ತಾನೆ. ಪಕ್ಕದ ಮನೆಯ ರಾಮಕ್ಕ, "ಏನ್ ಮೂಸಪ್ಪಾ, ಕಳ್ಳ ಸಿಕ್ಕಿದ್ನಾ?" ಎಂದು ರೇಗಿಸುತ್ತಾಳೆ. ಅವನು ನಕ್ಕು ಒಳಗೆ ಹೋಗುತ್ತಾನೆ. ಒಳಗೆ ಮಾತಾಡಿಸುವವರು ಯಾರೂ ಇಲ್ಲ. ಅವನು ಯುದ್ಧದ ದೇಶದಲ್ಲಿದ್ದಾಗಲೇ ಹೆಂಡತಿ ತೀರಿಕೊಂಡಳು, ಮಕ್ಕಳಿಲ್ಲ.

ಹೋದ ಶನಿವಾರ ಅವನಿಗೊಂದು ಇಂಗ್ಲಿಷ್ ಕಾಗದ ಬಂತು. ಡೆಂಕಣಿಕೋಟೆಯಲ್ಲಿ ಗುಮಾಸ್ತರಾಗಿರುವ ನಮ್ಮ ಯಜಮಾನರು ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಅವರೇ ಓದಿ ಹೇಳಿದರು. ಕಾಗದ ಬರೆದವನು ಆವುಲಪ್ಪನ ಹಳೆಯ ದೊರೆ. ಅವನು ತನ್ನ ದೇಶಕ್ಕೆ ವಾಪಸು ಹೊರಟಿದ್ದಾನೆ, ಬರುವ ಗುರುವಾರ ಬೆಂಗಳೂರು ದಂಡಿನ ಸ್ಟೇಷನ್ನಿನಲ್ಲಿ ಒಂದು ಗಂಟೆ ಇರುತ್ತಾನೆ. ನಾನು ಕೊಟ್ಟಿದ್ದ ಚುಟ್ಟಾ ಪೆಟ್ಟಿಗೆ ತಗೊಂಡು ಬಾ. ಮೊದಲು ಸೇದುವುದನ್ನು ನೀನೇ ಮೂಸಿ ಆರಿಸಿ ಕೊಡಬೇಕು ಎಂದು ಬರೆದಿದ್ದ. ಕೇಳುತ್ತ ಕೇಳುತ್ತ ಅರಳಿದ ಆವುಲಪ್ಪನ ಮುಖ ಕೊನೆಯ ಮಾತಿಗೆ ಇಳಿದುಹೋಯಿತು. ಜಗಲಿಯ ಮೇಲೆ ಕೂತು, ಯಾರಿಗೂ ಹೇಳದಿದ್ದುದನ್ನು ಅಂದು ಹೇಳಿದ.

ಅವನು ಹೊಸೂರಿನಲ್ಲಿ ಆ ದೊರೆಯ ಕುದುರೆ ನೋಡಿಕೊಳ್ಳುತ್ತಿದ್ದವನು. ನಲವತ್ತೆರಡನೇ ಇಸವಿಯಲ್ಲಿ ದೊರೆ ಯುದ್ಧಕ್ಕೆಂದು ಈಜಿಪ್ಟಿಗೆ ಹೋಗುವಾಗ ಅವನನ್ನೂ ಕರೆದೊಯ್ದ. ದೊರೆಗೆ ಚುಟ್ಟಾದ ಹುಚ್ಚು. ಅದೂ ಅಂಗಡಿಯ ಅಟ್ಟದಲ್ಲಿ ಹತ್ತಿಪ್ಪತ್ತು ವರ್ಷ ಕೂತು ಮಾಗಿದ್ದೇ ಆಗಬೇಕು. ಮೊದಲ ಸಲ ಅವನು ತನ್ನ ಮುರುಕು ತಮಿಳಿನಲ್ಲಿ 'ಪಳೆಯ ಸುರುಟ್ಟು', ಅಂದರೆ ಹಳೆಯ ಚುಟ್ಟಾ, ತಾ ಎಂದಾಗ ಆವುಲಪ್ಪನಿಗೆ ನೆನಪಾದದ್ದು ರಾತ್ರಿ ಮಿಕ್ಕ ಅನ್ನ. ತಮಿಳರ ಮನೆಯಲ್ಲಿ 'ಪಳೆಯದು' ಎಂದರೆ ತಂಗಳೇ ತಾನೆ? ಸಾಹೇಬರುಗಳು ಸೇದಿ ಬಿಟ್ಟ ಮೋಟುಗಳನ್ನೆಲ್ಲ ಆರಿಸಿ, ತಟ್ಟೆಯಲ್ಲಿ ಜೋಡಿಸಿ ತಂದಿಟ್ಟ. ದೊರೆ ಕಣ್ಣಲ್ಲಿ ನೀರು ಬರುವವರೆಗೆ ನಕ್ಕನಂತೆ.

ಆಮೇಲೆ ಇವನೇ ದೊರೆಗೆ ಮೂಗಾದ. ರಜೆ ಸಿಕ್ಕಾಗಲೆಲ್ಲ ಕೈರೋ, ಅಲೆಕ್ಸಾಂಡ್ರಿಯಾದ ಸಂದುಗೊಂದುಗಳಲ್ಲಿ ಇಬ್ಬರೂ ಅಂಗಡಿ ಅಂಗಡಿ ಅಲೆಯುತ್ತಿದ್ದರು. ವ್ಯಾಪಾರಿಗಳು ಹೊಸದಕ್ಕೆ ಧೂಳು ಸವರಿ ಹಳೆಯದೆಂದು ಕೊಡುತ್ತಿದ್ದರು. ಹೊಸ ಚುಟ್ಟಾ ಕುದುರೆ ಲಾಯದ ಹಾಗೆ ಮೂಗಿಗೆ ಚುರ್ ಅನ್ನುತ್ತದಂತೆ. ಲಾಯದಲ್ಲೇ ಬೆಳೆದವನಿಗೆ ಅದು ತಪ್ಪುವುದುಂಟೆ? ಹಳೆಯದಕ್ಕೆ ಮೂರು ವರ್ಷದ ಹುಣಿಸೇಹಣ್ಣಿನ ವಾಸನೆ. "ಹಳೇದೇ ಬೇರೆ, ಹಳಸಿದ್ದೇ ಬೇರೆ ಕಣವ್ವ. ಅದನ್ನ ದೊರೆಗೆ ಕಲ್ಸಿದ್ದೇ ನಾನು," ಎಂದ. ಚುಟ್ಟಾವನ್ನು ಅವನು ಒಮ್ಮೆಯೂ ಸೇದಿದವನಲ್ಲ.

ನಲವತ್ತನಾಲ್ಕರಲ್ಲಿ ಅವನಿಗೆ ವಿಷಮಜ್ವರ ಬಂತು. ಊರಿಗೆ ಕಳಿಸುವಾಗ ದೊರೆ ಒಂದು ಮರದ ಪೆಟ್ಟಿಗೆ ಕೊಟ್ಟು, ಇದನ್ನು ಮಾಗಿಸಿಡು, ಯುದ್ಧ ಮುಗಿದ ಮೇಲೆ ಬಂದು ಇಸಿದುಕೊಳ್ಳುತ್ತೇನೆ ಎಂದ. ಹಡಗಿನಲ್ಲಿ ಒಂದು ದಿನ ಪಕ್ಕದವನು ಮೀನು ಕೊಳೆತಿದೆಯೆಂದು ಮೂಗು ಮುಚ್ಚಿಕೊಂಡಾಗಲೇ ಆವುಲಪ್ಪನಿಗೆ ಗೊತ್ತಾದದ್ದು, ತನಗೆ ಯಾವ ವಾಸನೆಯೂ ಬರುತ್ತಿಲ್ಲವೆಂದು. ಅವತ್ತಿನಿಂದ ದಿನಾ ಮೂಸಿ ನೋಡುವುದು, ಮರಳಿ ಬಂತೇನೋ ಎಂದು.

ಊರಿಗೆ ಬಂದವನಿಗೆ ಮಾಗಿಸುವ ಜಾಗ ಒಂದೇ ಹೊಳೆದದ್ದು. ಹೆಂಡತಿ ರಾಗಿ ತುಂಬಿಸಿ ಮುಚ್ಚಿಸಿದ್ದ ಹಗೇವು ಅಂಗಳದಲ್ಲಿತ್ತು. ನೆಲದೊಳಗೆ ರಾಗಿ ಹತ್ತು ವರ್ಷ ಕೆಡದೆ ಇರುವಾಗ ಚುಟ್ಟಾ ಇರುವುದಿಲ್ಲವೆ? ಒಮ್ಮೆ ತೆಗೆಸಿ, ರಾಗಿಯ ನಡುವೆ ಪೆಟ್ಟಿಗೆ ಹುದುಗಿಸಿ, ಮತ್ತೆ ಮಣ್ಣು ಮೆತ್ತಿದ. ರೇಷನ್ನಿನ ಹುಳುಕು ಜೋಳ ತಿಂದನೇ ಹೊರತು ಹಗೇವು ಮುಟ್ಟಲಿಲ್ಲ. ಜಿಪುಣ ಎಂದು ನಾವೆಲ್ಲ ಆಡಿಕೊಂಡಿದ್ದೆವು. ನಾನೂ ಆಡಿಕೊಂಡಿದ್ದೆ.

ಭಾನುವಾರ ಚಪ್ಪಡಿ ಸರಿಸಿ, ಕೆಟ್ಟ ಗಾಳಿ ಹೋಗಲೆಂದು ಕಾದು, ದೀಪ ಇಳಿಬಿಟ್ಟು ನೋಡಿ, ಅವನೇ ಇಳಿದ. "ಏನೋ ವಾಸ್ನೆ, ತಾತ!" ಎಂದಳು ಮಗಳು. ಹಗೇವಿನೊಳಗಿಂದಲೇ ಅವನು ತಲೆಯೆತ್ತಿ, "ಒಳ್ಳೇದಾ ಕೂಸೇ, ಕೆಟ್ಟದ್ದಾ?" ಎಂದು ಕೇಳಿದ. ಅಷ್ಟರಲ್ಲಿ ಅವಳು ಆಟಕ್ಕೆ ಓಡಿದ್ದಳು.

ಸಂಜೆ ಪೆಟ್ಟಿಗೆಯನ್ನು ಪಂಚೆಯಲ್ಲಿ ಸುತ್ತಿ ನಮ್ಮ ಜಗಲಿಗೆ ತಂದ. ನನಗೀಗ ಐದು ತಿಂಗಳು. ಮೂರು ಮನೆಯಾಚೆ ಒಗ್ಗರಣೆ ಹಾಕಿದರೂ ಹೊಟ್ಟೆ ತೊಳೆಸುತ್ತದೆ. ಅದು ಅವನಿಗೂ ಗೊತ್ತು. ಪೆಟ್ಟಿಗೆಯನ್ನು ಮಾರು ದೂರದಲ್ಲೇ ಇಟ್ಟು, ನೆಲ ನೋಡುತ್ತ ನಿಂತ.

"ಬಸುರಿ ಹೆಣ್ಮಗಳ ಮುಂದೆ ಇದನ್ನ ತರಬಾರ್ದು ತಾಯಿ, ತಪ್ಪೇ. ಆದ್ರೆ ಈ ಬೀದೀಲಿ ನಿನ್ನಂಥ ಮೂಗು ಇನ್ಯಾರಿಗೂ ಇಲ್ಲ. ಒಂದೊಂದೇ ಮೂಸ್ಬುಟ್ಟು, ಚೆನ್ನಾಗಿರೋದನ್ನ ಬಲಗಡೆ ಮೂಲೇಲಿ ಇಟ್ಕೊಡು. ದೊರೆ ಮುಂದೆ ನಾನೂ ಮೂಸ್ದಂಗೆ ಮಾಡಿ ಅದನ್ನೇ ಎತ್ಕೊಡ್ತೀನಿ. ಎಲ್ಲಾ ಹಳಸಿದ್ರೆ ಮಾತ್ರ ಮುಚ್ಚಿಡ್ಬೇಡ, ಹೇಳ್ಬುಡವ್ವ. ನಾನು ಬೆಂಗ್ಳೂರಿಗೆ ಹೋಗೋದೇ ಇಲ್ಲ."