ಕಡಲ ಸದ್ದಿಗೊಂದು ಟ್ಯಾಬ್ಲೆಟ್

ಮಾಲ್ಸುನ್ ಸಮ್ಚುನ್ ಅವರ ಫೋನು ಉಪ್ಪುನೀರಿನ ಬಕೆಟ್ಟಿಗೆ ಬಿದ್ದು ಸತ್ತಾಗ ನಾವೆಲ್ಲ ಒಳಗೊಳಗೇ ಖುಷಿಪಟ್ಟೆವು. ಅವರು ಅದನ್ನು ಹಿಡಿದು ಕಿರುಚತೊಡಗಿದರೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಬೇರೆ ಯಾರ ಮಾತೂ ಕೇಳುತ್ತಿರಲಿಲ್ಲ. ನಮ್ಮ ಜೇಜು ದ್ವೀಪದಲ್ಲಿ ಹಿರಿಯರು ಗಂಡಸಾಗಲಿ ಹೆಂಗಸಾಗಲಿ, ಎಲ್ಲರೂ ಸಮ್ಚುನ್. ಆದರೆ ಮುಳುಗಿ ಶಂಖ, ಚಿಪ್ಪು ಹೆಕ್ಕುವ ನಾವು ಹೆಂಗಸರು ಬರೀ ಸಮ್ಚುನ್ ಎಂದರೆ ಅದು ಮಾಲ್ಸುನ್ ಒಬ್ಬರೇ. ಎಂಬತ್ತು ದಾಟಿದೆ, ಬೆನ್ನು ಬಾಗಿದೆ, ರಸ್ತೆಯಲ್ಲಿ ನಾಲ್ಕು ಹೆಜ್ಜೆಗೊಮ್ಮೆ ಕೂರುತ್ತಾರೆ. ನೀರಿಗೆ ಇಳಿದರೋ, ನನಗಿಂತ ಆಳಕ್ಕೆ ಹೋಗಿ ಬರುತ್ತಾರೆ. ಬಂದವರು ಸುಮ್ಮನಿರುತ್ತಾರೆಯೇ? ನನ್ನ ಬಲೆಚೀಲದೊಳಗೆ ಇಣುಕಿ, "ಏನೇ ಕ್ಯೊಂಗ್ಮಿ, ಸಮುದ್ರ ಹೆಂಗಿದೆ ಅಂತ ನೋಡ್ಕೊಂಡ್ ಬರೋಕ್ ಹೋಗಿದ್ಯಾ?" ಎನ್ನುತ್ತಾರೆ.

ಫೋನಿನಲ್ಲಿ ಅವರು ಕಿರುಚುತ್ತಿದ್ದದ್ದು ಒಸಾಕಾದಲ್ಲಿರುವ ಓಕ್‌ರಾನ್ ಸಮ್ಚುನ್ ಜೊತೆ. ಇಬ್ಬರೂ ಒಂದೇ ಓಣಿಯಲ್ಲಿ ಹುಟ್ಟಿ, ಒಂದೇ ಬಂಡೆಯ ಪಕ್ಕ ಈಜು ಕಲಿತವರು. ಆಗೆಲ್ಲ ತೇಲಲು ಒಣಗಿದ ಸೋರೆಬುರುಡೆ. ಇವರ ಬುರುಡೆ ಆ ಕಡೆ, ಅವರ ಬುರುಡೆ ಈ ಕಡೆ, ನಡುವೆ ಒಂದು ಕೂಗಳತೆ. ಉಸಿರು ಕಟ್ಟಿ ಕೆಳಗೆ ಹೋದವಳು ಮೇಲೆ ಬಂದ ಕೂಡಲೇ ಎದೆಯಲ್ಲಿದ್ದ ಗಾಳಿ ತುಟಿಯ ಸಂದಿಯಿಂದ ಸಿಳ್ಳೆಯಾಗಿ ಹೊರಡುತ್ತದೆ. ಹಾಕಬೇಕೆಂದು ಹಾಕುವ ಸಿಳ್ಳೆ ಅಲ್ಲ, ಬದುಕಿ ಬಂದಿದ್ದಕ್ಕೆ ತಾನಾಗಿ ಬರುವುದು. ಒಬ್ಬೊಬ್ಬರದು ಒಂದೊಂದು ಥರ. ನೋಡದೆಯೇ ಯಾರು ಮೇಲೆ ಬಂದರೆಂದು ನಮಗೆ ಗೊತ್ತಾಗುತ್ತದೆ. ಓಕ್‌ರಾನ್ ಅವರದ್ದು ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಏರುತ್ತಿತ್ತಂತೆ. ಅದು ಕೇಳಿಸಿದ ಮೇಲೇ ಮಾಲ್ಸುನ್ ಮುಳುಗುತ್ತಿದ್ದರು.

ಮದುವೆಯಾಗಿ ಓಕ್‌ರಾನ್ ಜಪಾನಿಗೆ ಹೊರಟ ದಿನದ ಸಂಗತಿಯನ್ನು ಸಮ್ಚುನ್ ಒಮ್ಮೆ ಮಾತ್ರ ಹೇಳಿದ್ದಾರೆ, ಅದೂ ಯಾರದೋ ಮೊಮ್ಮಗುವಿನ ಹುಟ್ಟುಹಬ್ಬದಲ್ಲಿ ಅಕ್ಕಿಹೆಂಡ ಎರಡು ಬಟ್ಟಲು ಒಳಗೆ ಹೋದ ಮೇಲೆ. "ಹಡಗಿನ ಮೇಲೆ ನಿಂತ್ಕೊಂಡು ಕೈ ಬೀಸ್ತಾಳೇನೋ ಅಂದ್ಕೊಂಡೆ. ಬೀಸ್ಲಿಲ್ಲ. ತುಟಿ ಚೂಪು ಮಾಡಿ ಸಿಳ್ಳೆ ಹಾಕಿದ್ಲು ಕಣೆ. ಅದೇ ಹೊತ್ತಿಗೆ ಆ ಹಾಳು ಹಡಗು ಕೂಗ್ತು. ತುಟಿ ಕಾಣಿಸ್ತು, ಸಿಳ್ಳೆ ಕೇಳಿಸ್ಲಿಲ್ಲ." ಇಷ್ಟು ಹೇಳಿ ಹಂದಿಮಾಂಸದ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಗಂಡ ತೀರಿಕೊಂಡಾಗಲೂ ಅಳದವರು ಅಂದು ಮಾಂಸ ಅಗಿಯುತ್ತಾ ಅತ್ತರು.

ಈಗ ಓಕ್‌ರಾನ್ ಹಾಸಿಗೆ ಹಿಡಿದಿದ್ದಾರೆ. ಕಣ್ಣು ಹೋಗಿದೆ, ಹೃದಯ ಸೋತಿದೆ, ಡಾಕ್ಟರು ಯಾವ ಭರವಸೆಯನ್ನೂ ಕೊಟ್ಟಿಲ್ಲ. ಫೋನು ಸಾಯುವ ಹಿಂದಿನ ದಿನ ಅವರು ಒಂದೇ ಒಂದು ಕೇಳಿದ್ದರು: "ನಮ್ ಬಂಡೆ ಹತ್ರ ಹೋಗಿ ಫೋನ್ ಮಾಡೇ ಮಾಲ್ಸುನ್. ಅಲೆ ಸದ್ದು ಕೇಳ್ಬೇಕು. ನೀನು ಮುಳುಗಿ ಎದ್ದು ಸಿಳ್ಳೆ ಹಾಕೋದು ಕೇಳ್ಬೇಕು. ಆಮೇಲೆ ಹೋದ್ರೂ ಪರವಾಗಿಲ್ಲ."

ಹಾಗಾಗಿ ಫೋನಿನ ಬದಲು ಟ್ಯಾಬ್ಲೆಟ್ಟೇ ಬೇಕೆಂದು ಸಮ್ಚುನ್ ಹಟ ಹಿಡಿದರು. "ಅವಳಿಗೆ ನಾನು ಕಾಣ್ದೆ ಇದ್ರೂ ನಂಗೆ ಅವಳು ದೊಡ್ಡದಾಗಿ ಕಾಣ್ಬೇಕು. ಉಳಿದ ಹೊತ್ತಲ್ಲಿ ಧಾರಾವಾಹಿ ನೋಡ್ತೀನಿ, ಇಸ್ಪೀಟ್ ಆಡ್ತೀನಿ, ನಿಂಗೇನು?" ಕಾರಿರುವುದು ನನ್ನ ತಪ್ಪು. ಜೇಜು ಪಟ್ಟಣದ ಅಂಗಡಿಗೆ ನಾನೇ ಕರೆದುಕೊಂಡು ಹೋದೆ.

ಅಂಗಡಿಯಲ್ಲಿ ಟ್ಯಾಬ್ಲೆಟ್ಟುಗಳು ಸಾಲಾಗಿ ಮಲಗಿದ್ದವು. ಒಂದು ತೆಳ್ಳಗೆ, ಒಂದು ದಪ್ಪ, ಒಂದಕ್ಕೆ ಪೆನ್ನು, ಒಂದಕ್ಕೆ ಕೀಲಿಮಣೆ. ಸಮ್ಚುನ್ ಬೆರಳು ಮುಟ್ಟಿದರೆ ಯಾವುದೂ ಮಿಸುಕಲಿಲ್ಲ. ಬಂಡೆ ಕೆರೆದೂ ಕೆರೆದೂ ಆ ಬೆರಳ ತುದಿ ಮರದ ತುಂಡಿನ ಹಾಗೆ ಆಗಿದೆ. ಸಿಟ್ಟು ಬಂದು ಬೆರಳ ಗೆಣ್ಣಿನಿಂದ ಬಾಗಿಲು ಬಡಿದ ಹಾಗೆ ಬಡಿದರು. ಎಲ್ಲವೂ ತೆರೆದುಕೊಂಡವು.

ಮಾರುವವಳು ರಾಜಧಾನಿ ಸಿಯೋಲ್ ಕಡೆಯ ನಾಜೂಕಿನ ಹೆಂಗಸು. ತೆಳ್ಳಗಿನದನ್ನು ಮಗುವಿನಂತೆ ಎತ್ತಿ ತೋರಿಸಿದಳು. "ಅಮ್ಮ, ಇದು ತಗೊಳ್ಳಿ. ಚಿತ್ರ ಸ್ವಚ್ಛ, ಹಗುರ. ಸಂತೆ ಮಧ್ಯೆ ನಿಂತು ಮಾತಾಡಿದ್ರೂ ಆ ಕಡೆಯವ್ರಿಗೆ ನಿಮ್ಮ ಮಾತು ಮಾತ್ರ ಕೇಳುತ್ತೆ."

"ಆ ದಪ್ಪಗಿರೋದು?" ಎಂದರು ಸಮ್ಚುನ್.

"ಅದು ಚಿಕ್ ಮಕ್ಕಳಿಗಮ್ಮ. ಬಿದ್ರೆ ಒಡಿಯಲ್ಲ, ಅಷ್ಟೇ."

ಸ್ವಚ್ಛ ಎಂಬ ಮಾತಿಗೆ ನಾವಿಬ್ಬರೂ ಮರುಳಾದೆವು. ನಾನೇ ಮುಂದೆ ಬಿದ್ದು, "ಸಾಯೋ ಮುಂಚೆ ಒಂದಾದ್ರೂ ಒಳ್ಳೇದು ತಗೊಳ್ಳಿ ಸಮ್ಚುನ್" ಎಂದೆ. ತೆಳ್ಳಗಿನದನ್ನೇ ತಂದೆವು.

ಮಾರನೆಯ ದಿನ ಅಲೆ ಜೋರಾಗಿತ್ತು. ಬಂಡೆಯ ಮೇಲೆ ನಿಂತು ನಾನು ಟ್ಯಾಬ್ಲೆಟ್ ಹಿಡಿದೆ. ಆ ಕಡೆ ಓಕ್‌ರಾನ್ ಅವರ ಮೊಮ್ಮಗಳು ಮಿಓ ತನ್ನ ಟ್ಯಾಬ್ಲೆಟ್ಟನ್ನು ಅಜ್ಜಿಯ ದಿಂಬಿಗೆ ಒರಗಿಸಿದಳು. ತೆರೆಯ ತುಂಬ ಆ ಮುಖ, ಒಂದೊಂದು ಸುಕ್ಕೂ ಕಾಣುತ್ತಿತ್ತು. ಸಮ್ಚುನ್ ಅದನ್ನೇ ನೋಡುತ್ತಾ ನಿಂತುಬಿಟ್ಟರು. ಆಮೇಲೆ ನೀರಿಗೆ ಇಳಿದು, ಮುಳುಗಿ, ನನ್ನ ಎದೆ ಹೊಡೆದುಕೊಳ್ಳುವಷ್ಟು ಹೊತ್ತು ಒಳಗಿದ್ದು ಎದ್ದರು. ಹುಯ್ಯ್ ಎಂದು ಸಿಳ್ಳೆ ಬಂತು.

"ಕೇಳಿಸ್ತಾ ಓಕ್‌ರಾನ್ ಸಮ್ಚುನ್?" ಎಂದು ಕೂಗಿದೆ.

"ನಿನ್ ಮಾತು ಕೇಳಿಸ್ತು" ಎಂದರು ಓಕ್‌ರಾನ್. "ಸಮುದ್ರಕ್ಕೆ ಯಾವಾಗ ಹೋಗ್ತೀರಿ?"

"ಸಮುದ್ರದಲ್ಲೇ ಇದೀವಿ! ಇದೇ ನಿಮ್ ಬಂಡೆ!"

ಸಮ್ಚುನ್ ಮತ್ತೆ ಮುಳುಗಿದರು, ಮತ್ತೆ ಎದ್ದರು. ಅಲೆ ಬಂಡೆಗೆ ಅಪ್ಪಳಿಸಿ ನನ್ನ ಮುಖ ತೋಯಿಸಿತು. ಒಸಾಕಾದ ಕೋಣೆಯಲ್ಲಿ ಆ ಮುಖ ಕಿವಿ ಕೊಟ್ಟು ಕಾಯುತ್ತಲೇ ಇತ್ತು. ಕೊನೆಗೆ ಹೇಳಿತು: "ಕುರುಡಿ ಅಂತ ನೀವೂ ಆಟ ಆಡಿಸ್ತೀರಾ? ನನ್ ಮಗ ಊರಿಗೆ ಕರ್ಕೊಂಡ್ ಹೋಗ್ತೀನಿ, ಕರ್ಕೊಂಡ್ ಹೋಗ್ತೀನಿ ಅಂತ ಸುಳ್ ಹೇಳ್ತಾನೆ. ನೀವು ಮನೇಲ್ ಕೂತ್ಕೊಂಡು ಸಮುದ್ರ ಅಂತ ಇನ್ನೊಂದ್ ಸುಳ್ ಹೇಳಿ." ಗೋಡೆಯ ಕಡೆಗೆ ಹೊರಳಿದರು.

ನೀರು ಸುರಿಸುತ್ತಾ ಬಂದ ಸಮ್ಚುನ್‌ಗೆ ಎಲ್ಲ ಹೇಳಿದೆ. ಸಂತೆಯ ಗದ್ದಲ ಒರೆಸಿಹಾಕುವ ಆ ಜಾಣ ಯಂತ್ರ ನಮ್ಮ ಕಡಲನ್ನೂ ಗದ್ದಲವೆಂದು ಒರೆಸಿತ್ತು. ಸಿಳ್ಳೆಯನ್ನೂ ಒರೆಸಿತ್ತು. ಸಿಟ್ಟಿಗೆ ಅದನ್ನು ನೀರಿಗೆ ಎಸೆಯಲು ಹೋದೆ. ಸಮ್ಚುನ್ ಕೈ ಹಿಡಿದರು. "ಎಸೀಬೇಡ. ಬದ್ಲಾಯಿಸ್ಕೊಂಡ್ ಬರೋಣ ನಡಿ" ಎಂದರು.

ಎರಡನೆಯ ಸಲ ಅಂಗಡಿಗೆ ಹೋದಾಗ ನಾಜೂಕಿನವಳು ಅದನ್ನು ಅಲ್ಲಿ ಇಲ್ಲಿ ಒತ್ತಿ ನೋಡಿ, "ವಿಡಿಯೋ ಕರೆಯಲ್ಲಿ ಈ ಸದ್ದು ಒರೆಸೋದನ್ನ ನಿಲ್ಸೋಕಾಗಲ್ಲಮ್ಮ, ಆದ್ರೆ ಇದೇ ತುಂಬಾ ಒಳ್ಳೇದು" ಎಂದಳು.

"ಯಾರಿಗೆ ಒಳ್ಳೇದು?" ಎಂದು ಸಮ್ಚುನ್ ಸಾಲಿನ ಮೊದಲ ಟ್ಯಾಬ್ಲೆಟ್ಟಿನ ಮುಂದೆ ನಿಂತರು. ಒಂದೊಂದರಿಂದಲೂ ನನ್ನ ಫೋನಿಗೆ ಕರೆ ಮಾಡಿಸಲೆಂದು ನನ್ನನ್ನು ರಸ್ತೆಯ ಆಚೆಗೆ ಅಟ್ಟಿದ್ದರು. ಅವರು ಉಸಿರು ಕಟ್ಟುವುದು, ಮುಖ ಕೆಂಪಾಗುವುದು, ಸಿಳ್ಳೆ ಬಿಡುವುದು ಗಾಜಿನ ಆಚೆಯಿಂದ ಕಾಣುತ್ತಿತ್ತು. ನಾನು ಕಿವಿಗೆ ಒತ್ತಿಕೊಂಡು ಕೇಳಿ, ಇಲ್ಲ ಎಂದು ತಲೆಯಾಡಿಸುವುದು. ಅವರು ಮುಂದಿನದಕ್ಕೆ ಹೋಗುವುದು. ಗಿರಾಕಿಗಳು ಸುತ್ತ ನೆರೆದರು. ಮುದುಕಿಗೆ ಉಬ್ಬಸ ಎಂದು ಯಾರೋ ನೀರು ತಂದರು. "ಕುಡಿಯೋಕೆ ಪುರುಸೊತ್ತಿಲ್ಲ, ಆಚೆ ಹೋಗಪ್ಪ" ಎಂದು ಸಮ್ಚುನ್ ಗದರಿದರಂತೆ.

ಮಕ್ಕಳ ದಪ್ಪ ಟ್ಯಾಬ್ಲೆಟ್ಟಿನ ಸರದಿ ಬಂತು. ನನ್ನ ಕಿವಿಯೊಳಗೆ ಸಿಳ್ಳೆ ನುಗ್ಗಿತು. ಅದರ ಹಿಂದೆಯೇ ಅಂಗಡಿಯ ಹಾಡು, ಬಾಗಿಲಿನ ಗಂಟೆ, ಯಾರದೋ ಕೆಮ್ಮು, ಎಲ್ಲ ಬಂದವು. ರಸ್ತೆಯಲ್ಲಿ ನಿಂತೇ ಕುಣಿದೆ.

ಅದನ್ನೇ ಬದಲಾಯಿಸಿಕೊಂಡು ಆ ಸಂಜೆಯೇ ಬಂಡೆಗೆ ಹೋದೆವು. ಅದರ ತೆರೆಯಲ್ಲಿ ಓಕ್‌ರಾನ್ ಮುಖ ಮಸುಕು. ಬೇಡವೆಂದು ಗೋಡೆಗೆ ತಿರುಗಿದ್ದವರನ್ನು ಮಿಓ ಪುಸಲಾಯಿಸಿ ತಿರುಗಿಸಿದ್ದಳು. ಅಲೆಯೊಂದು ಬಂದು ಒಡೆಯಿತು. ಆ ಮುಖ ಗಕ್ಕನೆ ಮೇಲೆದ್ದಿತು. "ಮಿಓ, ಸುಮ್ನಿರು" ಎಂದರು, ಮಿಓ ಮಾತೇ ಆಡಿರಲಿಲ್ಲ. ಸಮ್ಚುನ್ ಮುಳುಗಿದರು. ಕಾಯುವಾಗ ಓಕ್‌ರಾನ್ ಕೂಡ ಉಸಿರು ಕಟ್ಟಿದ್ದನ್ನು ನಾನು ಕಂಡೆ. ಆಮೇಲೆ ಸಿಳ್ಳೆ.

"ಬಂದ್ಲು" ಎಂದರು ಓಕ್‌ರಾನ್. "ಮೇಲೆ ಬಂದ್ಲು." ಕಣ್ಣೀರು ಕಿವಿಯ ಕಡೆಗೆ ಹರಿಯಿತು.

ಸಮ್ಚುನ್ ತೆವಳಿಕೊಂಡು ಬಂಡೆ ಹತ್ತಿ ನನ್ನ ಕೈಯಿಂದ ಟ್ಯಾಬ್ಲೆಟ್ ಕಿತ್ತುಕೊಂಡರು. ಅಷ್ಟರಲ್ಲಿ ಓಕ್‌ರಾನ್ ಎದೆ ತುಂಬ ಗಾಳಿ ಎಳೆದು ತುಟಿ ಚೂಪು ಮಾಡಿದರು. ಕೆನ್ನೆ ಒಳಗೆ ಹೋಯಿತು, ಕತ್ತಿನ ನರ ಎದ್ದಿತು. ತೆರೆಯಿಂದ ಸದ್ದು ಬರಲಿಲ್ಲ. ಪಕ್ಕದಲ್ಲಿದ್ದ ಮಿಓ ಬಾಯಿಗೆ ಕೈ ಇಟ್ಟು ಅಜ್ಜಿಯನ್ನೇ ನೋಡುತ್ತಿದ್ದಳು, ಆ ಕೋಣೆಯಲ್ಲಿ ಸಿಳ್ಳೆ ಕೇಳಿಸಿರಲೇಬೇಕು. ನಮಗೆ ತುಟಿ ಮಾತ್ರ ಕಂಡಿತು.

"ಕೇಳಿಸ್ತೇನೇ ಮಾಲ್ಸುನ್?"

"ಕೇಳಿಸ್ತು ಕಣೆ" ಎಂದರು ಸಮ್ಚುನ್. "ಕೊನೇಲಿ ಮೇಲಕ್ಕೆ ಏರ್ತದಲ್ಲ, ಹಂಗೇ ಇದೆ. ಒಂಚೂರೂ ಬದ್ಲಾಗಿಲ್ಲ."

ಓಕ್‌ರಾನ್ ನಕ್ಕರು. ಹಲ್ಲಿಲ್ಲದ ಆ ನಗುವಿನಲ್ಲಿ ಹುಡುಗಿ ಕಂಡಳು. ದಣಿದು ಹಾಗೇ ಕಣ್ಣು ಮುಚ್ಚಿದರು, ಮಿಓ ಕೈ ಬೀಸಿದಳು, ತೆರೆ ಕಪ್ಪಾಯಿತು.

ಸಮ್ಚುನ್ ಕಪ್ಪು ತೆರೆಯ ಮೇಲಿನ ಉಪ್ಪುನೀರನ್ನು ಅಂಗೈಯಿಂದ ಒರೆಸಿ ಮಡಿಲಲ್ಲಿಟ್ಟುಕೊಂಡರು.

"ಆ ಹುಡುಗಿ ಹತ್ರ ಇರೋದು ಯಾವ ಟ್ಯಾಬ್ಲೆಟ್ಟೇ, ಕ್ಯೊಂಗ್ಮಿ?"

"ನಾವು ವಾಪಸ್ ಕೊಟ್ವಲ್ಲ ಸಮ್ಚುನ್, ಅಂಥದ್ದೇ ಅಂತ ಮಿಓ ಹೇಳಿದ್ಲು. ತೆಳ್ಳಗಿರೋದು."